ವರ್ಚುವಲ್ ಮಷಿನ್ ಮತ್ತು ನಮ್ಮ ಹಳೆಯ ಕಡತಗಳು

ಒಂದು ಗಣಕದೊಳಗೆ ಮತ್ತೊಂದು ಗಣಕವನ್ನು ಕಲ್ಪಿಸಿ, ಅದರಲ್ಲಿ ಬೇರೆಯೇ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವ ವಿಧಾನವು ಇತ್ತೀಚಿನದೆಂದು ಭಾವಿಸುವವರುಂಟು. ಅಮೆರಿಕದ ಕೇಂಬ್ರಿಜ್‌ನಲ್ಲಿ ಐಬಿಎಂ ಸಂಸ್ಥೆಯು 1967ರ ವೇಳೆಗೇ ಸಿಪಿ-40 ವ್ಯವಸ್ಥೆಯಲ್ಲಿ ಇದನ್ನು ಸಾಧಿಸಿತ್ತು. 1972ರಲ್ಲಿ ವಿಎಂ/370 ಪ್ರಕಟವಾಯಿತು. ಒಂದೇ ದೊಡ್ಡ ಗಣಕವನ್ನು ಹಲವರು ತಂತಮ್ಮದೇ ಎಂಬಂತೆ ಬಳಸಲಿ ಎಂಬುದು ಅಂದಿನ ಉದ್ದೇಶ. ಇಂಟೆಲ್ ಮಾದರಿಯ ಮೇಜಿನ ಗಣಕಗಳಿಗೆ ಈ ಸೌಲಭ್ಯವನ್ನು ತಂದುದು 1999ರ ವಿಎಂವೇರ್ ತಂತ್ರಾಂಶ.

ಗ್ರಂಥಸಂಪಾದಕರಿಗೆ ಇದರಿಂದೇನು ಎಂದು ಕೇಳಬಹುದು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದ್ದರೂ ನಮ್ಮ ಬೆರಳಚ್ಚು ಬಹುಕಾಲ ಆಯಾ ಫಾಂಟಿನ ಸಂಕೇತಗಳಲ್ಲಿಯೇ ನಡೆಯಿತು. ಅಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರವೇ ಮೊದಲು. ಱ, ೞಗಳ ಪಾಡಂತೂ ಹೇಳತೀರದು. ನನ್ನದೇ ಒಂದು ಪದಸೂಚಿಯನ್ನು ಪರಿವರ್ತಿಸಿದಾಗ ೞಕಾರವೆಲ್ಲ ಮಾಯವಾಗಿದ್ದಿತು. ಶಕಟರೇಫ, ರಳಗಳನ್ನು ಕಳೆದುಕೊಂಡ ಹಳಗನ್ನಡ ಪದಸೂಚಿಯಿಂದ ಯಾರಿಗೆ ಪ್ರಯೋಜನ?

ಕಡೆಗೆ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ 98ನ್ನೂ ಹಳೆಯ ಫಾಂಟನ್ನೂ ಸ್ಥಾಪಿಸಿ ಮೂಲಪುಟವನ್ನು ಇದ್ದಂತೆಯೇ ಕಂಡೆನು. ಅದಕ್ಕೆ 256 ಮೆಗಾಬೈಟ್ ಸ್ಮೃತಿ ಸಾಕು; 512ನ್ನು ಮೀರಿದರೆ ತೊಡಕಾಗಬಹುದು. ಅದಕ್ಕೆ 2006ರಲ್ಲಿಯೇ ಬೆಂಬಲ ನಿಂತಿರುವುದರಿಂದ ಅಂತರಜಾಲದ ಸಂಪರ್ಕವನ್ನು ಕೊಡಲಾಗದು. ಮೂಲಕಡತವನ್ನು ತಿದ್ದದೆ, ಅದರ ಪ್ರತಿಯನ್ನಷ್ಟೇ ಒಳಗೆ ಒಯ್ಯಬೇಕು. ಓಲೆಗರಿಯ ವಿಷಯದಲ್ಲಿ ನಾವು ಪಾಲಿಸುವ ಶಿಸ್ತೇ ಇದು.

ಜಿಸ್ಟ್ ಕಾರ್ಡಿನ ಕಾಲದ ಬರೆಹಗಳಿಗೆ ಮಾತ್ರ ಈ ಉಪಾಯ ಒದಗದು. ಆ ಕಾರ್ಡು ಗಣಕದೊಳಗೆ ಕೂರಿಸಬೇಕಾದ ಭೌತಿಕ ಫಲಕ. ಆದರೆ ಇಸ್ಕಿ ಸಂಕೇತವು 1991ರಲ್ಲಿಯೇ ರಾಷ್ಟ್ರೀಯ ಮಾನಕವಾದುದರಿಂದ, ಅದರಲ್ಲಿರುವ ಕಡತಗಳನ್ನು ನೇರವಾಗಿ ಯೂನಿಕೋಡಿಗೆ ತರಬಹುದು.