ಬಳ್ಳಾರಿ ಸೀಮೆಯ ಹಾಡುಗಾರಿಕೆ: ಹಕ್ಕು ಮತ್ತು ಸಂಘಟನೆಯ ಇತಿಹಾಸ

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದಲ್ಲಿ ಬಯಲಾಟ, ಬುರ್ರಕಥೆ, ಚೌಡಿಕೆ ಪದ, ತತ್ವಪದ, ರಂಗಗೀತೆಗಳನ್ನು ಹಾಡುವವರು ಹಲವು ತಲೆಮಾರುಗಳಿಂದ ಇದ್ದಾರೆ. ಇವರ ಸಂಪಾದನೆ ಜಾತ್ರೆ, ಉತ್ಸವ, ಊರಾಟಗಳನ್ನು ನೆಚ್ಚಿಕೊಂಡದ್ದು. ರಾತ್ರಿಯಿಡೀ ಹಾಡಿದ್ದಕ್ಕೆ ಕೂಲಿ ಸಿಗುತ್ತಿತ್ತು. ಹಾಡಿನ ಮೇಲೆ ಮಾತ್ರ ಯಾರೂ ಹಕ್ಕು ಹೇಳುತ್ತಿರಲಿಲ್ಲ.

ಕರ್ತೃವಿನ ಗುರುತೇ ಇರಲಿಲ್ಲವೆಂದಲ್ಲ. ತತ್ವಪದಕಾರರು ಕೊನೆಯ ನುಡಿಯಲ್ಲಿ ಅಂಕಿತ ಹಾಕುತ್ತಿದ್ದರು. ಅದು ಹೆಸರನ್ನು ಉಳಿಸುತ್ತಿತ್ತು, ಹಣ ತರುತ್ತಿರಲಿಲ್ಲ. ಬಯಲಾಟದ ವ್ಯವಸ್ಥೆ ಬೇರೆ. ಊರಿನ ಹುಡುಗರು ಮಾಸ್ತರರನ್ನು ಕರೆಸಿ ತಾಲೀಮು ನಡೆಸುತ್ತಾರೆ. ಮಾಸ್ತರರ ಸಂಭಾವನೆ, ಹಿಮ್ಮೇಳ, ವೇಷಭೂಷಣ ಎಲ್ಲದರ ಖರ್ಚನ್ನೂ ಪಾತ್ರಧಾರಿಗಳೇ ಹೊರುತ್ತಾರೆ. ಕಲೆಗಾಗಿ ಕಲಾವಿದನೇ ಕೈಯಿಂದ ದುಡ್ಡು ಹಾಕುವ ಈ ಪದ್ಧತಿಗೆ ಗೌರವಧನದ (ರಾಯಲ್ಟಿಯ) ಲೆಕ್ಕಾಚಾರ ಒಗ್ಗುವುದಿಲ್ಲ. ಜೋಗತಿಯರದು ಇನ್ನೊಂದು ದಾರಿ. ಕಂಕುಳಲ್ಲಿ ಚೌಡಿಕೆ ಹಿಡಿದು, ಅದರ ತಂತಿಯನ್ನು ಮೀಟುತ್ತ ಎಲ್ಲಮ್ಮನ ಪದ ಹಾಡಿ, ಪಡ್ಡಲಗಿ ಎಂಬ ಬುಟ್ಟಿಗೆ ಬಿದ್ದ ಜೋಳದಲ್ಲಿ ಬದುಕಿದವರು ಅವರು.

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ತೆಲುಗು, ಕನ್ನಡ ಎರಡೂ ಇಲ್ಲಿನ ರಂಗದ ಮೇಲೆ ಕೇಳಿಸುತ್ತಿದ್ದವು. ನಟ ಬಳ್ಳಾರಿ ರಾಘವರ (1880–1946) ಕಾಲದಿಂದ ನಗರಕ್ಕೆ ನಾಟಕದ ಹೆಸರು ಅಂಟಿಕೊಂಡಿತು. ವೃತ್ತಿರಂಗದ ಹಾಡುಗಾರ್ತಿ ಸುಭದ್ರಮ್ಮ ಮನ್ಸೂರ್ ಆ ಹೆಸರನ್ನು ಮುಂದಿನ ಕಾಲಕ್ಕೂ ಉಳಿಸಿದರು.

ಹಾಡಿನ ಹಕ್ಕಿನ ವಿಷಯಕ್ಕೆ ಬಂದರೆ, ಭಾರತದ ಹಕ್ಕುಸ್ವಾಮ್ಯ ಕಾಯ್ದೆ ಬಂದದ್ದು 1957ರಲ್ಲಿ. ಅದು ಸಾಹಿತ್ಯ ಬರೆದವರನ್ನೂ ಸಂಗೀತ ರಚಿಸಿದವರನ್ನೂ ಗುರುತಿಸಿತು. ಹಾಡಿದವರನ್ನು ಬಿಟ್ಟಿತು. 1977ರಲ್ಲಿ, ಹಾಡು ಬರೆದವರ ಮತ್ತು ಸಂಗೀತ ರಚಿಸಿದವರ ಸಂಘವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರ ನಿರ್ಮಾಪಕರ ಪರವಾಗಿ ತೀರ್ಪು ಕೊಟ್ಟಿತು. ಹಾಡುಗಾರನ ಕಂಠಕ್ಕೆ ಕಾಯ್ದೆಯಲ್ಲಿ ರಕ್ಷಣೆಯಿಲ್ಲ ಎಂಬ ಕೊರತೆಯನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ಎತ್ತಿ ತೋರಿಸಿದರು. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ತಂದಿತು. ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ನರ್ತಕರ ಜೊತೆ ದೊಂಬರಾಟದವರೂ ಹಾವಾಡಿಗರೂ ಇದ್ದಾರೆ. ಹಾವಾಡಿಗನನ್ನು ನೆನೆದ ಶಾಸನಕಾರರು ಜನಪದ ಹಾಡುಗಾರರನ್ನು ಹೆಸರಿಟ್ಟು ಕರೆಯಲಿಲ್ಲ. ಆದರೂ 'ಗಾಯಕ' ಎಂಬಲ್ಲಿ ಅವರೂ ಸೇರುತ್ತಾರೆ. ಈ ಸೀಮೆಯವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಹಕ್ಕು ಇದೊಂದೇ ಎನ್ನಬೇಕು. ಪದ ಯಾರದೆಂದು ತಿಳಿಯದಿದ್ದರೂ ಹಾಡಿದ ದನಿ ಯಾರದೆಂಬುದು ತಿಳಿದಿರುತ್ತದೆ. ಅನುಮತಿಯಿಲ್ಲದೆ ಅದನ್ನು ಧ್ವನಿಮುದ್ರಿಸಿ ವ್ಯಾಪಾರ ಮಾಡುವಂತಿಲ್ಲ. 1999ರಲ್ಲಿ ಈ ಹಕ್ಕಿನ ಅವಧಿ 25 ವರ್ಷದಿಂದ 50ಕ್ಕೆ ಏರಿತು. 2012ರ ತಿದ್ದುಪಡಿ, ಪ್ರದರ್ಶನದ ವಾಣಿಜ್ಯ ಬಳಕೆಯಲ್ಲಿ ಗೌರವಧನದ ಪಾಲನ್ನೂ ಕೊಟ್ಟಿತು.

ಊರಾಟಕ್ಕೆ ಕಾಯ್ದೆಯಲ್ಲಿ ವಿನಾಯಿತಿಯೂ ಇದೆ. ಹವ್ಯಾಸಿ ಸಂಘ ಟಿಕೆಟ್ಟಿಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಹಕ್ಕಿನ ಉಲ್ಲಂಘನೆಯಾಗದು. ಮದುವೆ ಮೆರವಣಿಗೆಯ ಬ್ಯಾಂಡಿಗೂ ಹೀಗೆಯೇ ರಿಯಾಯಿತಿ.

ಕ್ಯಾಸೆಟ್ ಯುಗದಲ್ಲಿ ಧ್ವನಿಮುದ್ರಣದ ಹಕ್ಕು ಕಂಪನಿಯದಾಯಿತು. ಹಳೆಯ ಪದ ಸಾರ್ವಜನಿಕ ಸ್ವತ್ತು. ಅದಕ್ಕೆ ಸ್ಟುಡಿಯೋದಲ್ಲಿ ಕೂಡಿಸಿದ ವಾದ್ಯಮೇಳದ ಮುದ್ರಣ ಮಾತ್ರ ಪ್ರಕಟಣೆಯ ನಂತರ 60 ವರ್ಷ ಕಂಪನಿಯ ಸ್ವತ್ತು. ಹಾಡಿದವರಿಗೆ ಒಂದೇ ಸಲದ ಹಣ ಕೊಟ್ಟು ಕೈತೊಳೆದುಕೊಳ್ಳುವುದು ಆ ವ್ಯಾಪಾರದಲ್ಲಿ ಸಾಮಾನ್ಯವಾಗಿತ್ತು.

ಸಂಘಟನೆಯ ವಿಷಯದಲ್ಲಿ ಅಮೆರಿಕದ ಹಳ್ಳಿಗಾಡಿನ ಸಂಗೀತದ (ಕಂಟ್ರಿ ಮ್ಯೂಸಿಕ್) ಕಥೆ ಬೇರೆ ಹಾದಿ ಹಿಡಿಯಿತು. ಹಾಡು ರಚಿಸಿದವರ ಪರವಾಗಿ ಗೌರವಧನ ವಸೂಲಿ ಮಾಡುವ 1914ರ ಆಸ್ಕಾಪ್ ಸಂಘ ಹಳ್ಳಿ ಹಾಡುಗಾರರನ್ನು ಬಹುಕಾಲ ದೂರವಿಟ್ಟಿತ್ತು. 1939ರಲ್ಲಿ ರೇಡಿಯೋ ಉದ್ಯಮದವರು ಕಟ್ಟಿದ ಅಂಥದ್ದೇ ಸಂಘ ಬಿಎಂಐ ಅವರಿಗೆ ಬಾಗಿಲು ತೆರೆಯಿತು. 1958ರಲ್ಲಿ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಹುಟ್ಟಿತು. ಅದನ್ನು ಬೆಳೆಸಿದವರು ವ್ಯಾಪಾರಿಗಳು, ರೇಡಿಯೋದವರು, ಹಾಡುಗಾರರು.

ಕರ್ನಾಟಕದಲ್ಲಿ ಸಂಘಟನೆಯ ಕೆಲಸದ ಒಂದು ಭಾಗವನ್ನು ಸರ್ಕಾರ ಮತ್ತು ವಿದ್ವಾಂಸರು ವಹಿಸಿಕೊಂಡರು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿಸಿದರು. 1980ರಲ್ಲಿ ಜಾನಪದ ಮತ್ತು ಯಕ್ಷಗಾನ ಅಕಾಡೆಮಿ ಬಂತು. ಬಯಲಾಟಕ್ಕೆ ಪ್ರತ್ಯೇಕ ಅಕಾಡೆಮಿಯಾದದ್ದು ಬಹಳ ತಡವಾಗಿ. 1991ರಲ್ಲಿ ಹಂಪಿಯಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯ ಈ ಸೀಮೆಯ ಮೌಖಿಕ ಕಾವ್ಯಗಳ ಸಂಗ್ರಹಕ್ಕೆ ಇಳಿಯಿತು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರಿಗೆ ನಾಡೋಜ ಪದವಿಯನ್ನೂ ಕೊಟ್ಟಿತು. ಓದು ಬರಹ ಬಾರದ ಈರಮ್ಮ ಬುರ್ರಕಥೆಯ ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಇಂಥ ಹಾಡುಗಾರಿಕೆ ಅಚ್ಚಾದಾಗ ಸಂಪಾದಕರಿಗೆ ಸಂಕಲನದ ಹಕ್ಕು ದಕ್ಕುತ್ತದೆ. ಹಾಡಿದವರ ಪಾಲೆಷ್ಟು ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ನೇರ ಉತ್ತರವಿಲ್ಲ.

ಕುರುಗೋಡು ಭಾಗದ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಳವ್ವ ಜೋಗತಿಯವರ ತಂಡದಲ್ಲಿ ಪಳಗಿದ ಕಲಾವಿದೆ ಆ ಕುರ್ಚಿಯಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಆದರೆ ಅಕಾಡೆಮಿಯ ಅಧಿಕಾರ ಪ್ರಶಸ್ತಿ, ಶಿಬಿರ, ಪ್ರಕಟಣೆಗಳಷ್ಟರದು. ಗೌರವಧನ ವಸೂಲಿಗೆ ಕಾಯ್ದೆಯಡಿ ನೋಂದಾಯಿತ ಹಕ್ಕುಸ್ವಾಮ್ಯ ಸಂಘ ಬೇಕು. ಗಾಯಕರ ಅಂಥ ಸಂಘ 2013ರಲ್ಲಿ ರಾಷ್ಟ್ರಮಟ್ಟದಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಮುಖ್ಯವಾಗಿ ಚಿತ್ರಗೀತೆ ಹಾಡುವವರು. ಚೌಡಿಕೆ ಪದದವರಿಗಾಗಲಿ ಬಯಲಾಟದವರಿಗಾಗಲಿ ತಮ್ಮದೇ ನೋಂದಾಯಿತ ಹಕ್ಕುಸ್ವಾಮ್ಯ ಸಂಘ ಇನ್ನೂ ಆಗಿಲ್ಲ.