ಆನಂದೀಬಾಯಿ ಇಲ್ಲದಿದ್ದರೆ

ಕಳೆದ ತಿಂಗಳು ಜಮೀನಿನ ಕರಾರುಪತ್ರವೊಂದನ್ನು ಮರಾಠಿಯಿಂದ ಕನ್ನಡಕ್ಕೆ ಅನುವಾದಿಸಿ ಕೊಟ್ಟೆ. ಕಾಗದ ಕೈಗಿಡುವಾಗಲೇ ಅದರ ಯಜಮಾನರು ನಗುತ್ತ, "ಮ್ಯಾಡಮ್, ಫಕ್ತ ಧ ಚಾ ಮಾ ಕರೂ ನಕಾ" ಅಂದಿದ್ದರು. 'ಧ'ವನ್ನು 'ಮಾ' ಮಾಡಬೇಡಿ, ಅಂದರೆ ಬರೆದದ್ದನ್ನು ತಿರುಚಬೇಡಿ ಎಂದು. ಪುಣೆಯಲ್ಲಿ ಇದು ದಿನಬಳಕೆಯ ಮಾತು. ಇದರ ಹಿಂದೆ ಒಂದು ಕೊಲೆ ಇದೆ.

1773ರ ಆಗಸ್ಟ್ 30, ಗಣೇಶನ ಹಬ್ಬದ ದಿನಗಳು. ಪೇಶ್ವೆ ನಾರಾಯಣರಾವ್‌ಗೆ ಆಗ 18 ವರ್ಷ. ಅಣ್ಣ ಮಾಧವರಾವ್ ತೀರಿಕೊಂಡು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಚಿಕ್ಕಪ್ಪ ರಘುನಾಥರಾವ್, ಎಲ್ಲರ ಬಾಯಲ್ಲಿ ರಾಘೋಬಾ, ಅದೇ ಶನಿವಾರವಾಡೆಯಲ್ಲಿ ಕಾವಲಿನಲ್ಲಿದ್ದ. ಮಧ್ಯಾಹ್ನ ಗಾರ್ದಿಗಳು, ಎಂದರೆ ಸಂಬಳಕ್ಕೆ ಕಾದುವ ಕಾಲಾಳುಗಳು, ಬಾಕಿ ಸಂಬಳ ಕೇಳುವ ನೆಪದಲ್ಲಿ ಕತ್ತಿ ಹಿರಿದು ಒಳನುಗ್ಗಿದರು. ಹುಡುಗ ಓಡಿಹೋಗಿ ಚಿಕ್ಕಪ್ಪನನ್ನೇ ತಬ್ಬಿಕೊಂಡ. ಅಲ್ಲೇ ಅವನನ್ನು ಕಡಿದು ಹಾಕಿದರು. ಹೆಣ ಹೊರಗೆ ಸಾಗಿಸಿದ ಬಾಗಿಲಿಗೆ ಈಗಲೂ ನಾರಾಯಣ ದರವಾಜಾ ಎಂದೇ ಹೆಸರು.

ಇನ್ನು ಜನ ಹೇಳುವ ಕಥೆ. ರಾಘೋಬಾ ಗಾರ್ದಿಗಳಿಗೆ ಬರೆದುಕೊಟ್ಟ ಚೀಟಿಯಲ್ಲಿದ್ದದ್ದು 'ಧರಾವೇ', ಹಿಡಿಯಬೇಕು, ಅಷ್ಟೇ. ಅವನ ಹೆಂಡತಿ ಆನಂದೀಬಾಯಿ ಯಾರಿಗೂ ತಿಳಿಯದ ಹಾಗೆ ಮೊದಲ ಅಕ್ಷರ ತಿದ್ದಿ 'ಮಾರಾವೇ' ಮಾಡಿದಳು. ಕೊಲ್ಲಬೇಕು. (ಕನ್ನಡದಲ್ಲಾದರೆ ಅಕ್ಷರವನ್ನೂ ಮುಟ್ಟಬೇಕಿಲ್ಲ, ಗುಣಿತ ಬದಲಿಸಿದರೆ ಸಾಕು: 'ಹಿಡಿ' ಹೋಗಿ 'ಹೊಡಿ' ಆಗುತ್ತದೆ. ಭಾಷಾಶಾಸ್ತ್ರ ಓದಿದವಳಿಗೆ ಇಂಥದ್ದು ಮೊದಲು ಕಣ್ಣಿಗೆ ಬೀಳುತ್ತದೆ, ಕ್ಷಮಿಸಿ.)

ಆ ಹೆಂಗಸೊಬ್ಬಳು ಇಲ್ಲದಿದ್ದರೆ ಇತಿಹಾಸ ಎಷ್ಟು ಚೆನ್ನಾಗಿರುತ್ತಿತ್ತು! ಈ ಮಾತನ್ನು ಇಲ್ಲಿ ಹಲವರ ಬಾಯಲ್ಲಿ ಕೇಳಿದ್ದೇನೆ. ಲೆಕ್ಕವೂ ಮೇಲ್ನೋಟಕ್ಕೆ ಕೂಡುತ್ತದೆ. ಕೊಲೆಯಾಗದಿದ್ದರೆ ನಾನಾ ಫಡ್ನವೀಸ್ ಮತ್ತವನ ಸಂಗಡಿಗರು ರಾಘೋಬಾನ ವಿರುದ್ಧ ಕೂಟ ಕಟ್ಟಬೇಕಿರಲಿಲ್ಲ. ರಾಘೋಬಾ ಓಡಿಹೋಗಿ 1775ರಲ್ಲಿ ಸೂರತ್ತಿನಲ್ಲಿ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿರಲಿಲ್ಲ. 1782ರ ಸಾಲ್ಬಾಯಿ ಒಪ್ಪಂದದವರೆಗೆ ಎಳೆದ ಯುದ್ಧವೂ ಇಲ್ಲ. ಅಷ್ಟೇ ಅಲ್ಲ, 1802ರಲ್ಲಿ ವಸಈಯಲ್ಲಿ ಕಂಪನಿಗೆ ತಲೆಬಾಗಿ 1818ರಲ್ಲಿ ರಾಜ್ಯವನ್ನೇ ಕಳೆದುಕೊಂಡ ಎರಡನೆಯ ಬಾಜೀರಾವ್ ಈಕೆಯ ಹೊಟ್ಟೆಯಲ್ಲಿ ಹುಟ್ಟಿದವನು. ಒಬ್ಬಳ ಹೆಸರು ಅಳಿಸಿದರೆ ಅರ್ಧ ಶತಮಾನವೇ ಅಳಿಸಿಹೋಗುತ್ತದೆ.

ನನಗೆ ಅನುಮಾನ ಶುರುವಾಗುವುದು ಇಲ್ಲೇ. ಲೆಕ್ಕ ಇಷ್ಟು ಸಲೀಸಾಗಿ ಕೂಡುವುದಕ್ಕೆ ಕಥೆಯನ್ನೇ ಹಾಗೆ ಹೆಣೆದಿರುವುದು ಕಾರಣ. ಕೊಲೆಯಲ್ಲಿ ಆನಂದೀಬಾಯಿಯ ಪಾಲು ಎಷ್ಟೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಗಾರ್ದಿಗಳ ಮುಖಂಡ ಸುಮೇರ್‌ಸಿಂಗ್, ರಾಘೋಬಾನ ಸೇವಕ ತುಳಾಜಿ ಪವಾರ್, ಸ್ವತಃ ರಾಘೋಬಾ, ಇವರ ಪಾಲಿನ ಬಗ್ಗೆ ಅಂಥ ಸಂಶಯವಿಲ್ಲ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ವಿಚಾರಣೆ ಮಾಡಿ ಬೊಟ್ಟು ಮಾಡಿದ್ದು ಹೆಂಡತಿಯ ಕಡೆಗಲ್ಲ, ಗಂಡನ ಕಡೆಗೆ. ಇದಕ್ಕೆ ಮರಣವೊಂದೇ ಪ್ರಾಯಶ್ಚಿತ್ತ ಎಂದು ಅಧಿಕಾರದಲ್ಲಿದ್ದವನ ಮುಖಕ್ಕೇ ಹೇಳಿ ಪುಣೆ ಬಿಟ್ಟು ಹೋದರು.

ಅಕ್ಷರ ತಿದ್ದಿದ ಕಥೆಯಿಂದ ಯಾರಿಗೆ ಉಪಕಾರವಾಯಿತು ನೋಡಿ. ರಾಘೋಬಾ 'ಹಿಡಿಯಿರಿ' ಎಂದಷ್ಟೇ ಹೇಳಿದ ಬಡಪಾಯಿಯಾದ. ದುಡ್ಡಿಗೆ ಕತ್ತಿ ಬೀಸಿದವರು ಬರೆದದ್ದನ್ನು ಪಾಲಿಸಿದವರಾದರು. ಅಣ್ಣನ ಮಗ ಮಾಧವರಾವ್‌ನ ಮೇಲೆಯೇ ದಂಡು ಕಟ್ಟಿಕೊಂಡು ಹೋಗಿ 1768ರಲ್ಲಿ ಧೋಡಪದಲ್ಲಿ ಸೋತು ಸೆರೆಸಿಕ್ಕವನು ಈ ರಾಘೋಬಾ. ಮನೆಯ ಆ ಹಳೆಯ ಬೆಂಕಿ, ಸಂಬಳ ಬಾಕಿಯ ಸೈನ್ಯ, ಮುಂದಿನ ಪೇಶ್ವೆ ಯಾರೆಂಬ ತಕರಾರು ಎಲ್ಲ ಕರಗಿ, ಉಳಿದದ್ದು ಲೇಖನಿ ಹಿಡಿದ ಹೆಂಗಸೊಬ್ಬಳು. ಸೊಸೆ ಗಂಡನ ಕಿವಿಯೂದುತ್ತಾಳೆ ಎಂಬ ದೂರಿಗೆ ಈ ಹೆಸರು ಬಳಕೆಯಾದದ್ದನ್ನು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಒಮ್ಮೆ ಕೇಳಿದ್ದೇನೆ. ಇನ್ನೂರೈವತ್ತು ವರ್ಷ ಕಳೆದರೂ ಅವಳಿಗೆ ಪುರುಸೊತ್ತಿಲ್ಲ.

ನನ್ನನ್ನು ಕೇಳಿದರೆ, ಆ ಕಾಲದ ದಿಕ್ಕು ತಿರುಗಿಸಿದ್ದು 1772ರ ನವೆಂಬರ್ 18. ಅವತ್ತು ಥೇವೂರಿನಲ್ಲಿ ಮಾಧವರಾವ್ ಕ್ಷಯದಿಂದ ತೀರಿಕೊಂಡ. 27 ವರ್ಷ. ಕ್ಷಯದ ಮೇಲೆ ಯಾರೂ ಗಾದೆ ಕಟ್ಟಲಿಲ್ಲ. ರೋಗವನ್ನು ದ್ವೇಷಿಸುವುದು ಕಷ್ಟ.

ಹಾಗಾದರೆ ದುಷ್ಟರಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನುತ್ತೀಯಾ ಎಂದು ಗೆಳತಿಯೊಬ್ಬಳು ಜಗಳಕ್ಕೆ ಬಂದಳು. ಇಲ್ಲ. 1939ರ ನವೆಂಬರ್ 8ರಂದು ಮ್ಯೂನಿಕ್ಕಿನ ಬಿಯರ್ ಹಾಲ್‌ನಲ್ಲಿ ಗಿಯೋರ್ಗ್ ಎಲ್ಸರ್ ಎಂಬ ಬಡಗಿ ಇಟ್ಟ ಬಾಂಬು ಸಿಡಿಯುವುದಕ್ಕೆ 13 ನಿಮಿಷ ಮೊದಲು ಹಿಟ್ಲರ್ ಹೊರಟುಹೋಗಿದ್ದ. ಹೋಗದೆ ಇದ್ದಿದ್ದರೆ ಎಷ್ಟೋ ಲಕ್ಷ ಜನ ಬದುಕುತ್ತಿದ್ದರೆಂದೇ ನಾನು ನಂಬುತ್ತೇನೆ. ಆದರೆ ಹಿಟ್ಲರ್ ಮಾಡಿಸಿದ್ದಕ್ಕೆ ಬೆಟ್ಟದಷ್ಟು ದಾಖಲೆಯಿದೆ. ಇಲ್ಲಿ ನಮ್ಮ ಕೈಯಲ್ಲಿರುವುದು ಒಂದು ಅಕ್ಷರದ ಕಥೆ.

ಇನ್ನೊಂದು ತೊಡಕಿದೆ. ಕನ್ನಡದವಳಾಗಿ ನನ್ನನ್ನು ಹೆಚ್ಚು ಕಾಡುವುದು ಅದೇ. 'ಚೆನ್ನಾಗಿರುತ್ತಿತ್ತು' ಅಂದರೆ ಯಾರಿಗೆ? ನಾರಾಯಣರಾವ್ ಸತ್ತದ್ದರಿಂದ ಮೊದಲು ಉಸಿರುಬಿಟ್ಟವನು ಶ್ರೀರಂಗಪಟ್ಟಣದ ಹೈದರ್ ಅಲಿ. ಮಾಧವರಾವ್‌ನ ದಂಡು ಮತ್ತೆ ಮತ್ತೆ ಬಂದು ಅವನನ್ನು ಹಣ್ಣು ಮಾಡಿತ್ತು. 1771ರಲ್ಲಿ ಮೇಲುಕೋಟೆಯ ಹತ್ತಿರ ಚಿನಕುರಳಿಯಲ್ಲಿ ಸೈನ್ಯವೇ ಚೆಲ್ಲಾಪಿಲ್ಲಿಯಾಗಿತ್ತು. ಪುಣೆಯವರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದಾಗ ಹೈದರ್ ಸಿರಾ ಮುಂತಾದವನ್ನು ಮರಳಿ ಪಡೆದ, ಗುತ್ತಿಯನ್ನು ಗೆದ್ದ, 1779ರಲ್ಲಿ ಚಿತ್ರದುರ್ಗವನ್ನೂ ತೆಗೆದುಕೊಂಡು ಮದಕರಿ ನಾಯಕನನ್ನು ಸೆರೆಯೊಯ್ದ. ಪುಣೆಗೆ ಆಗ ಇಂಗ್ಲಿಷರ ಜೊತೆಗಿನ ಯುದ್ಧವೇ ಸಾಕಾಗಿತ್ತು. ಆನಂದೀಬಾಯಿ ಇಲ್ಲದಿದ್ದರೆ ದುರ್ಗ ಉಳಿಯುತ್ತಿತ್ತೇನೋ. ಹಾಗಂತ ಪುಣೆಯ ಕೈ ಗಟ್ಟಿಯಾಗಿದ್ದರೆ ನಮ್ಮ ಊರುಗಳು ತಣ್ಣಗಿರುತ್ತಿದ್ದವೇ? 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠಾ ದಂಡಿನ ಜನ. ಮಠವನ್ನು ಮತ್ತೆ ನಿಲ್ಲಿಸಲು ಹಣ ಕೊಟ್ಟವನು ಟಿಪ್ಪು. ಆ ಹೊತ್ತಿಗೆ ಪುಣೆಯಲ್ಲಿ ಅಧಿಕಾರ ನಡೆಸುತ್ತಿದ್ದವನು, ಆನಂದೀಬಾಯಿಯ ಕಥೆಯಲ್ಲಿ ಒಳ್ಳೆಯವನಾಗಿ ಬರುವ ನಾನಾ ಫಡ್ನವೀಸ್.

ಪುಣೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ತುಮಕೂರು ದಾಟಿದ ಮೇಲೆ, ಡಾಬಸ್‌ಪೇಟೆಯ ಹತ್ತಿರ, ಹೆದ್ದಾರಿಯ ಪಕ್ಕದಲ್ಲೇ ನಿಜಗಲ್ಲು ಬೆಟ್ಟ ಕಾಣುತ್ತದೆ. 1770ರಲ್ಲಿ ಮಾಧವರಾವ್ ಅಲ್ಲಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಹೈದರನ ಜನ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಗೋಡೆ ಹತ್ತಿದವರು ಚಿತ್ರದುರ್ಗದ ಪಾಳೆಯಗಾರನ ಕಡೆಯವರು. ಬದುಕುಳಿದ ಸೈನಿಕರ ಮೂಗು ಕಿವಿ ಕೊಯ್ಸಲಾಯಿತು ಎಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಪೇಶ್ವೆಗಳಲ್ಲೆಲ್ಲ ಧರ್ಮಿಷ್ಠ ಎಂದು ಇಲ್ಲಿ ಕೈಮುಗಿಯುವುದು ಈ ಮಾಧವರಾವ್‌ಗೇ. ಆ ಮುತ್ತಿಗೆಯಲ್ಲಿ ಅವನ ತಮ್ಮನಿಗೂ ಗಾಯವಾಗಿತ್ತು.

ಹೋದ ಸಲ ಬೆಳಗಿನ ಮಂಜಿನಲ್ಲಿ ಬೆಟ್ಟ ಕಂಡಾಗ, ಪಕ್ಕದ ಸೀಟಿನಲ್ಲಿ ಅಮ್ಮನ ಜೊತೆ ಕೂತಿದ್ದ ಪುಣೆಯ ಹುಡುಗನಿಗೆ ಕಿಟಕಿಯಿಂದ ತೋರಿಸಿದೆ. ನಾರಾಯಣರಾವ್ ಗೊತ್ತಲ್ಲ, ಅವನಿಗೆ ಪೆಟ್ಟಾದದ್ದು ಈ ಬೆಟ್ಟದಲ್ಲೇ ಅಂದೆ. ಶನಿವಾರವಾಡೆಯ ಕಥೆ ಅವನಿಗೆ ಪೂರ್ತಿ ಬಾಯಿಪಾಠವಾಗಿತ್ತು. ಸ್ವಲ್ಪ ಹೊತ್ತು ಬೆಟ್ಟವನ್ನೇ ನೋಡಿದ.

"ಅವನು ಇಷ್ಟು ದೂರ ಯಾಕೆ ಬಂದಿದ್ದ?" ಅಂತ ಕೇಳಿದ.