ಹದಿಮೂರು ಸೆಕೆಂಡಿನ ಓಟ, ಆಮೇಲಿನ ಏದುಸಿರು

ಬೆಳ್ಮಣ್ಣಿಗೆ ಹೆಚ್ಚು ದೂರವಿಲ್ಲದ ಐಕಳದ ಕಂಬಳದಲ್ಲಿ 2020ರ ಫೆಬ್ರವರಿಯಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58ರ ದಾಖಲೆ ಮುರಿಯಿತೆಂದು ದೇಶವೆಲ್ಲ ಸುದ್ದಿಯಾಯಿತು. ಕೇಂದ್ರ ಕ್ರೀಡಾ ಸಚಿವರಿಂದ ಪರೀಕ್ಷಾ ಓಟಕ್ಕೆ ಆಹ್ವಾನವೂ ಬಂತು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಮುಖ್ಯ, ಟ್ರ್ಯಾಕಿನಲ್ಲಿ ಕಾಲ್ಬೆರಳು. ಮೇಲಾಗಿ ಓಟದಲ್ಲಿ ಕೋಣಗಳಿಗೂ ಪಾಲಿದೆ ಎಂದರು. ಆ ಗದ್ದಲದಲ್ಲಿ ಸರಿಯಾಗಿ ಮಾತನಾಡಿದವರು ಬಹುಶಃ ಅವರೊಬ್ಬರೇ.

ಇಂಥ ಓಟದಲ್ಲಿ ದೇಹದೊಳಗೆ ನಡೆಯುವುದೇನು? ಇದರ ಹುಡುಕಾಟಕ್ಕೆ ನೂರು ವರ್ಷ ದಾಟಿದೆ. ಸ್ನಾಯುಗಳ ಸಂಶೋಧನೆಗಾಗಿ 1922ರ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಮೇಯರ್‌ಹಾಫ್ ಜೊತೆ ಹಂಚಿಕೊಂಡ ಇಂಗ್ಲೆಂಡಿನ ಎ.ವಿ. ಹಿಲ್, ತಾವೇ ಓಡಿ ತಮ್ಮ ಉಸಿರನ್ನು ಅಳೆದವರು. ಓಟ ನಿಂತ ಮೇಲೂ ಏದುಸಿರು ನಿಲ್ಲುವುದಿಲ್ಲವಷ್ಟೆ. ಅದನ್ನವರು 'ಆಮ್ಲಜನಕದ ಸಾಲ' ತೀರಿಸುವ ಕ್ರಿಯೆ ಎಂದು ವಿವರಿಸಿದರು.

ಕಂಬಳದ ಓಟ ಹೆಚ್ಚಾಗಿ ಸಾಲದ ಓಟವೇ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಎಂಬ ಶಕ್ತಿದ್ರವ್ಯ ಒಂದೆರಡು ಸೆಕೆಂಡಿಗಷ್ಟೇ ಸಾಕು. ಮುಂದಿನ ಕೆಲವು ಸೆಕೆಂಡುಗಳನ್ನು ಕ್ರಿಯಾಟಿನ್ ಫಾಸ್ಫೇಟ್ ತೂಗಿಸುತ್ತದೆ. ಜೊತೆಜೊತೆಗೇ ಸಕ್ಕರೆಯ ದಾಸ್ತಾನು ಆಮ್ಲಜನಕದ ನೆರವಿಲ್ಲದೆ ಒಡೆದು ಲ್ಯಾಕ್ಟೇಟ್ ಆಗುತ್ತದೆ. ಇದನ್ನು ಬಹುಕಾಲ ಆಯಾಸ ತರುವ ಕಸವೆಂದೇ ತಿಳಿಯಲಾಗಿತ್ತು. ಹೃದಯವೂ ಅದನ್ನು ಇಂಧನವಾಗಿ ಉರಿಸುತ್ತದೆಂಬುದು ಈಗ ಗೊತ್ತಾಗಿದೆ. ಓಟಗಾರ ಮಂಜೊಟ್ಟಿ ತಲುಪಿದ ಮೇಲೆ ಎದೆ ಏರಿಳಿಯುವುದು ಖಾಲಿಯಾದ ಈ ದಾಸ್ತಾನನ್ನು ತುಂಬಲು.

ಇನ್ನು ಲೆಕ್ಕದ ಮಾತು. ನಿಂತಲ್ಲಿಂದ ಹೊರಟವನಿಗೆ ಮೊದಲ ಕೆಲವು ಸೆಕೆಂಡು ವೇಗ ಕೂಡಿಸುವುದರಲ್ಲೇ ಹೋಗುತ್ತದೆ. ದೂರ ಹೆಚ್ಚಿದಂತೆ ಆ ನಷ್ಟ ಹಂಚಿಹೋಗುತ್ತದೆ. ಬೋಲ್ಟ್ 2009ರಲ್ಲೇ ಮ್ಯಾಂಚೆಸ್ಟರ್ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಕೊನೆಯ ನೂರು ಮೀಟರಿಗೆ ಹಿಡಿದದ್ದು 8.70 ಸೆಕೆಂಡು! ಸರಾಸರಿಯನ್ನು ನೂರು ಮೀಟರಿನ ದಾಖಲೆಯ ಪಕ್ಕದಲ್ಲಿಟ್ಟರೆ ಅರ್ಥವಿಲ್ಲ.

ಹಾಗೆಂದು ಗೌಡರ ಓಟವನ್ನು ಹಗುರವಾಗಿ ಕಾಣಬೇಕಿಲ್ಲ. ಮರಳಿನಲ್ಲಿ ಓಡಲು ಗಟ್ಟಿನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು 1998ರ ಅಧ್ಯಯನವೊಂದು ತೋರಿಸಿತು. ಕೆಸರೂ ಹಾಗೆಯೇ ಪಾದದ ಒತ್ತನ್ನು ನುಂಗುತ್ತದೆ. ಕೋಣಗಳು ಮುಂದಕ್ಕೆ ಸೆಳೆಯುವುದು ನಿಜ, ಆದರೆ ಆ ಸೆಳೆತಕ್ಕೆ ಸರಿಯಾಗಿ ಹೆಜ್ಜೆ ಕೂಡಬೇಕು, ಮುಗ್ಗರಿಸಬಾರದು.

ಕೋಣಗಳ ಪಾಡು ಬೇರೆ. ಅವಕ್ಕೆ ಬೆವರುಗ್ರಂಥಿಗಳು ಕಡಿಮೆ. ಓಟದ ಬಿಸಿ ಬೇಗ ಇಳಿಯದು. ಕರೆಯಿಂದ ಮೇಲೆ ಬಂದ ಕೂಡಲೇ ಅವುಗಳ ಮೈಮೇಲೆ ಕೊಡಗಟ್ಟಲೆ ನೀರು ಸುರಿಯುವುದು ಇದಕ್ಕೇ.